ಬಾದಾಮಿಯ ಕೊಳ್ಳ, ನಮ್ಮೂರ ಕೊರಕಲು

ಸೊಲ್ಲಾಪುರದ ಕಡೆಯಿಂದ ಗದಗಿಗೆ ಹೋಗುವ ರೈಲು ಭೀಮಾನದಿಯ ಸೇತುವೆ ದಾಟುವಾಗ ಡಬ್ಬಿಯಲ್ಲಿ ಒಂದು ಗಳಿಗೆ ಗದ್ದಲವೇಳುವುದನ್ನು ನೀವು ನೋಡಿರಬಹುದು. ಮಕ್ಕಳು ಕಿಟಕಿಗೆ ಮುಖವಿಟ್ಟು ನೀರು ನೋಡುತ್ತಾರೆ. ಹಿರಿಯರು ಹೊಳೆಗೆ ಕೈಮುಗಿದು ಒಂದು ನಾಣ್ಯ ಎಸೆಯುತ್ತಾರೆ. ಆದರೆ ಹೊಳೆಯ ದಂಡೆಯನ್ನು ನೋಡುವವರು ಕಡಿಮೆ. ಇನ್ನೊಮ್ಮೆ ಆ ದಾರಿಯಲ್ಲಿ ಹೋದಾಗ ದಯವಿಟ್ಟು ದಂಡೆಯನ್ನೇ ನೋಡಿರಿ. ಎತ್ತರವಾದ ಮಣ್ಣಿನ ದಂಡೆ ಅಲ್ಲಲ್ಲಿ ಕೊಡಲಿಯಿಂದ ಸೀಳಿದಂತೆ ಸೀಳಿಕೊಂಡಿರುತ್ತದೆ. ಹೊಲಗಳ ಕಡೆಯಿಂದ ಬಂದ ಮಳೆಯ ನೀರು ಹೊಳೆಗೆ ಇಳಿಯಲು ತಾನೇ ಮಾಡಿಕೊಂಡ ದಾರಿಗಳು ಅವು. ಅವಕ್ಕೆ ಕೊರಕಲು ಎನ್ನುತ್ತೇವೆ.

ನಾನು ಇಂಡಿ ತಾಲೂಕಿನ ಅಗರಖೇಡದವನು. ನಮ್ಮೂರು ಭೀಮೆಯ ದಂಡೆಯ ಊರು, ಸುತ್ತಲೂ ಎರೆಹೊಲ. ಎತ್ತ ನೋಡಿದರೂ ಆಕಾಶ ನೆಲಕ್ಕೆ ತಾಗುವುದೇ ಕಾಣುತ್ತದೆ ಹೊರತು ನಡುವೆ ಗುಡ್ಡವೆಂಬುದಿಲ್ಲ. ಹೀಗಾಗಿ ಹುಡುಗರಾಗಿದ್ದಾಗ ನಮಗೆ ಗುಡ್ಡ, ಕೊಳ್ಳ, ಕಣಿವೆ ಎಲ್ಲವೂ ನಮ್ಮ ಕಾಕಾನ ಹೊಲದ ಮಗ್ಗಲಿನ ಕೊರಕಲೇ ಆಗಿತ್ತು. ಅದರೊಳಗೆ ಅಡಗಿ ಆಡುತ್ತಿದ್ದೆವು. ಅದು ಹೊಲವನ್ನು ತಿನ್ನುತ್ತಿದೆ ಎಂಬುದು ಆಗ ನಮಗೆ ತಿಳಿದಿರಲಿಲ್ಲ.

ನಮ್ಮ ಮುತ್ಯಾ ಹರೆಯದಲ್ಲಿದ್ದಾಗ ಆ ಕೊರಕಲನ್ನು ಒಂದೇ ಜಿಗಿತಕ್ಕೆ ದಾಟುತ್ತಿದ್ದನಂತೆ. ಕಾಕಾನ ಕಾಲಕ್ಕೆ ಅದರ ಮೇಲೆ ಬೇವಿನ ತೊಲೆಯೊಂದನ್ನು ಅಡ್ಡ ಹಾಕಬೇಕಾಯಿತು. ನಾನು ಶಾಲೆಗೆ ಹೋಗುವ ಹೊತ್ತಿಗೆ ತೊಲೆಯೂ ಸಾಲದೆ, ಈ ಮಗ್ಗಲಿಗೆ ಇಳಿದು ಆ ಮಗ್ಗಲಿಗೆ ಏರಬೇಕಾಗಿತ್ತು. ಈಗ ಅದರೊಳಗೆ ನಿಂತ ಆಳು ಹೊಲದಲ್ಲಿರುವವರ ಕಣ್ಣಿಗೆ ಬೀಳುವುದಿಲ್ಲ. ಜಿಗಿತ, ತೊಲೆ, ಇಳಿದೇರುವ ದಾರಿ: ಮೂರು ತಲೆಮಾರುಗಳ ಲೆಕ್ಕ ಇಷ್ಟೇ. ಹೊಲದ ಉತಾರದಲ್ಲಿ ಇಂದಿಗೂ ಏಳೆಕರೆ ಇದೆ. ಬಿತ್ತಲು ಸಿಗುವುದು ಆರೆಕರೆಗೂ ಕಡಿಮೆ. ಉಳಿದದ್ದಕ್ಕೆ ಕಾಕಾ ಕಾಗದದ ಮೇಲೆ ಮಾತ್ರ ಒಡೆಯ.

2020ರ ಅಕ್ಟೋಬರದಲ್ಲಿ ಭೀಮೆಗೆ ದೊಡ್ಡ ಮಹಾಪೂರ ಬಂದದ್ದು ನಿಮಗೆ ನೆನಪಿರಬಹುದು. ಇಂಡಿ, ಸಿಂದಗಿ, ಅಫಜಲಪುರ ಕಡೆಯ ದಂಡೆಯ ಊರುಗಳೆಲ್ಲ ಕಂಗೆಟ್ಟವು. ಪೂರ ಏರಿದಾಗ ಆದ ಹಾನಿ ಎಲ್ಲರಿಗೂ ಕಂಡಿತು. ಪೂರ ಇಳಿದ ಮೇಲೆ ಆದದ್ದು ದಂಡೆಯವರಿಗೆ ಮಾತ್ರ ಗೊತ್ತು. ನೀರು ಕುಡಿದು ಭಾರವಾದ ದಂಡೆಗೆ, ಹೊಳೆಯ ನೀರು ಹಿಂದೆ ಸರಿದೊಡನೆ ಆಸರೆಯಿಲ್ಲದಂತಾಗುತ್ತದೆ. ಆಗ ಅದು ಹೋಳುಹೋಳಾಗಿ ಕುಸಿಯುತ್ತದೆ. ಕಾಕಾನ ಕೊರಕಲಿನ ಬಾಯಿ ಹಾಗೆ ಕುಸಿದು ಇಮ್ಮಡಿ ಅಗಲವಾಯಿತು. ಅವನು ವರ್ಷವರ್ಷವೂ ಆ ಬಾಯಿಗೆ ಜಾಲಿಮುಳ್ಳು ಒಟ್ಟಿ, ಮೇಲೆ ಕಲ್ಲು ಹೇರಿ ಕಟ್ಟುತ್ತಿದ್ದ. ವರ್ಷವರ್ಷವೂ ಅದು ಕೊಚ್ಚಿ ಹೋಗುತ್ತಿತ್ತು.

ಇದರ ಜೊತೆಗೆ ಒಂದು ಜಗಳವೂ ಇತ್ತು. ಕೊರಕಲಿನ ಮೇಲ್ಮಗ್ಗಲಿಗೆ ಬೇರೊಬ್ಬರ ಹೊಲ. ಅವರು ತಮ್ಮ ಒಡ್ಡು ಒಡೆದು ನೀರು ಬಿಟ್ಟದ್ದರಿಂದಲೇ ತನ್ನ ಹೊಲ ಹೋಯಿತೆಂದು ಕಾಕಾ ಹೇಳುತ್ತಿದ್ದ. ಕೆಳಗಿನ ಹೊಲದವನು ನೀರಿಗೆ ದಾರಿ ಬಿಡದೆ ತಮ್ಮ ಪೈರು ಕೊಳೆಯುವಂತೆ ಮಾಡಿದನೆಂದು ಅವರು ಹೇಳುತ್ತಿದ್ದರು. ಹನ್ನೆರಡು ವರ್ಷ ಎರಡು ಮನೆಗಳ ನಡುವೆ ಮಾತಿರಲಿಲ್ಲ. ಒಂದೇ ಗುಡಿಗೆ ಬೇರೆ ಬೇರೆ ಹೊತ್ತಿಗೆ ಹೋಗುತ್ತಿದ್ದರು.

ಹೀಗಿರುವಾಗ ಕಾಕಾನಿಗೆ ಬಾದಾಮಿಯ ಬನಶಂಕರಿಗೆ ಹರಕೆಯೊಂದು ಸಲ್ಲಿಸುವುದಿತ್ತು. ಮಳೆಗಾಲ ಇನ್ನೂ ಪೂರ್ತಿ ಮುಗಿದಿರಲಿಲ್ಲ. ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ದೇವಿಯ ದರ್ಶನವಾದ ಮೇಲೆ ಒಂದು ದಿನ ಉಳಿದು ಬಾದಾಮಿಯ ಕೊಳ್ಳವನ್ನು ನಡೆದು ನೋಡೋಣವೆಂದು ನಾನು ಹೇಳಿದೆ. ಕಾಕಾ ನಕ್ಕು, “ಮನಿ ಮುಂದ ಕೊರಕಲ ಇಟಗೊಂಡು, ಕೊಳ್ಳ ನೋಡಾಕ ಬಾದಾಮಿಗಿ ಹೋಗಬೇಕೇನೋ ತಮ್ಮಾ?” ಎಂದ. ಆದರೂ ಬಂದ. ಆ ಒಂದು ದಿನದ ನಡಿಗೆಯ ಮಾತನ್ನೇ ನಿಮಗೆ ಹೇಳಬೇಕೆಂದು ಕುಳಿತಿದ್ದೇನೆ. ನೀವೂ ಹೋಗಬೇಕೆಂಬುದು ನನ್ನ ಆಸೆ.

ನಮ್ಮ ಕಡೆಯವರಿಗೆ ದಾರಿ ಸುಲಭ. ಇಂಡಿ ರೋಡ್ ನಿಲ್ದಾಣದಲ್ಲಿ ಹತ್ತಿದರೆ ವಿಜಯಪುರ, ಬಾಗಲಕೋಟೆಗಳನ್ನು ದಾಟಿ ಅದೇ ರೈಲುಹಳಿ ಬಾದಾಮಿಗೆ ಒಯ್ಯುತ್ತದೆ. ಕುಳಿತಲ್ಲಿಂದಲೇ ನೆಲದ ಬಣ್ಣ ನೋಡುತ್ತ ಹೋಗಿರಿ. ಮೊದಲೆಲ್ಲ ಕಪ್ಪು. ಅದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾರಸದ ಕಲ್ಲು ಶಿಥಿಲವಾಗಿ ಆದ ಮಣ್ಣು. ಕೃಷ್ಣೆಯನ್ನು ದಾಟಿ ಮುಂದೆ ಹೋದ ಹಾಗೆ ನೆಲ ಕೆಂಪೇರುತ್ತದೆ. ಬಾದಾಮಿಯ ಹತ್ತಿರ ಗುಡ್ಡಗಳು ಎದ್ದು ನಿಲ್ಲುತ್ತವೆ. ಅವು ಮರಳುಗಲ್ಲಿನ ಗುಡ್ಡಗಳು; ನಮ್ಮ ಕರಿಗಲ್ಲಿಗಿಂತ ಎಷ್ಟೋ ಪಟ್ಟು ಹಳೆಯವು. ಒಂದಾನೊಂದು ಕಾಲದಲ್ಲಿ ನೀರು ತಂದು ಪದರಪದರವಾಗಿ ಹಾಸಿದ ಮರಳು ಬಿಗಿದು ಕಲ್ಲಾಯಿತು. ಆ ಕಲ್ಲನ್ನು ಕೊರೆದದ್ದೂ ಮತ್ತೆ ನೀರೇ. ನಿಲ್ದಾಣದಿಂದ ಊರಿಗೆ ಸುಮಾರು 5 ಕಿಲೋಮೀಟರು.

ಬೆಳಗಿನ ಹೊತ್ತು ಅಗಸ್ತ್ಯತೀರ್ಥದ ದಂಡೆಗೆ ಹೋಗಿ ನಿಂತುಕೊಳ್ಳಿರಿ. ಎಡಕ್ಕೊಂದು ಗುಡ್ಡ, ಬಲಕ್ಕೊಂದು ಗುಡ್ಡ. ಎರಡೂ ನೆಟ್ಟಗೆ ಕತ್ತರಿಸಿದ ಕೆಂಪುಗೋಡೆಗಳು. ತೆಂಕಣ ಗುಡ್ಡದಲ್ಲಿ ಹೆಸರಾದ ಗುಹಾಲಯಗಳಿವೆ. ಬಡಗಣ ಗುಡ್ಡದಲ್ಲಿ ಕೋಟೆಯೂ ಶಿವಾಲಯಗಳೂ ಇವೆ. ನಡುವೆ ಕೆರೆ. ಕೆರೆಯ ಆಚೆ ದಡದಲ್ಲಿ ನೀರಿಗೆ ಮುಖಮಾಡಿದ ಭೂತನಾಥನ ಗುಡಿಗಳು. ನೋಡುವವರು ಸಾಮಾನ್ಯವಾಗಿ ಇಷ್ಟು ನೋಡಿ ಹಿಂದಿರುಗುತ್ತಾರೆ. ಆದರೆ ಇವೆಲ್ಲವೂ ಒಂದೇ ಕೊಳ್ಳದ ಬಾಯಲ್ಲಿ ಕುಳಿತಿವೆ ಎಂಬುದನ್ನು ಮನಸ್ಸಿಗೆ ತಂದುಕೊಂಡರೆ ನೋಟವೇ ಬೇರೆಯಾಗುತ್ತದೆ. ಗುಡ್ಡದ ಮೇಲೆ ಬಿದ್ದ ಮಳೆ ಈ ಸೀಳಿನಲ್ಲಿಯೇ ಇಳಿದು ಬರಬೇಕು. ಇಳಿದು ಬಂದ ನೀರನ್ನು ಕೊಳ್ಳದ ಬಾಯಲ್ಲಿ ಹಿಡಿದದ್ದರಿಂದ ಕೆರೆಯಾಯಿತು. ಕೆರೆಯ ಕೆಳಗೆ ಊರು ಬಾಳಿತು. ಮೊದಲನೆಯ ಪುಲಕೇಶಿ ಇಲ್ಲಿ ದುರ್ಗ ಕಟ್ಟಿದ್ದು 543ರಲ್ಲಿ. ಅದನ್ನು ಹೇಳುವ ಶಾಸನ ಇಲ್ಲಿನ ಬಂಡೆಯ ಮೇಲೆಯೇ ಇದೆ.

ಮಳೆಯಾದ ಮರುದಿನ ಹೋದರೆ ಭೂತನಾಥನ ಗುಡಿಯ ಹತ್ತಿರದ ಬಂಡೆಗಳ ಮೇಲಿಂದ ಅಕ್ಕ-ತಂಗಿ ಎಂಬ ಜೋಡಿ ಜಲಪಾತ ಬೀಳುವುದನ್ನು ಕಾಣುವಿರಿ. ಮಳೆಗಾಲ ಮುಗಿದರೆ ಅದು ಇಲ್ಲ. ಬಂಡೆಯ ಮೇಲೆ ಕಪ್ಪು ಗೆರೆ ಮಾತ್ರ ಉಳಿಯುತ್ತದೆ. ನಾವು ಹೋದ ದಿನ ನೀರು ಸಣ್ಣಗೆ ಬೀಳುತ್ತಿತ್ತು. ಅಲ್ಲಿಂದ ಮೇಲೆ, ಕುರುಚಲು ಗಿಡಗಳ ನಡುವೆ ನಮ್ಮ ನಡಿಗೆ ಆರಂಭವಾಯಿತು.

ಮೇಲೆ ಹೋದಂತೆ ಕಲ್ಲಿನ ಮೈಯನ್ನು ಹತ್ತಿರದಿಂದ ನೋಡಬಹುದು. ಪದರಗಳು ಒಂದರ ಮೇಲೊಂದು ರೊಟ್ಟಿ ಒಟ್ಟಿದ ಹಾಗೆ ಇವೆ. ಕೆಲವು ಪದರ ಗಟ್ಟಿ, ಕೆಲವು ಮಿದು. ಮಿದುವಾದದ್ದು ಮೊದಲು ಕರಗಿ ಒಳಸರಿಯುತ್ತದೆ. ಮೇಲಿನ ಗಟ್ಟಿ ಪದರ ಸೂರಿನಂತೆ ಮುಂಚಾಚಿ ನಿಲ್ಲುತ್ತದೆ. ಕಲ್ಲಿನಲ್ಲಿ ನೆಟ್ಟನೆಯ ಬಿರುಕುಗಳೂ ಇವೆ. ನೀರು ಅವುಗಳಲ್ಲಿ ಇಳಿಯುತ್ತದೆ. ಗಿಡದ ಬೇರು ಅವುಗಳನ್ನು ಅಗಲಿಸುತ್ತದೆ. ಕೆಳಗೆ ಆಸರೆ ತಪ್ಪಿದ ದಿನ, ಮನೆಯಷ್ಟು ದೊಡ್ಡ ಬಂಡೆ ಬಿರುಕಿನ ಗುಂಟ ಕಳಚಿ ಬೀಳುತ್ತದೆ. ಕೊಳ್ಳದ ತಳದಲ್ಲಿ ಬಿದ್ದಿರುವ ಬಂಡೆಗಳೆಲ್ಲ ಹಾಗೆ ಬಂದವು. ಆದುದರಿಂದ ಚಾಚಿದ ಬಂಡೆಯ ಅಂಚಿಗೆ ಹೋಗಿ ನಿಲ್ಲಬೇಡಿರಿ. ಬಿಡಿಗಲ್ಲಿನ ಮೇಲೆ ಭಾರ ಹಾಕಬೇಡಿರಿ. ಮೋಡ ಕವಿದರೆ ಕೊಳ್ಳದ ತಳವನ್ನು ಬಿಟ್ಟು ಮೇಲೆ ಬನ್ನಿರಿ. ಕುಡಿಯುವ ನೀರು ಜೊತೆಗಿರಲಿ. ಕೈಯಲ್ಲಿ ತಿನಿಸು ಮಾತ್ರ ಹಿಡಿದುಕೊಳ್ಳಬೇಡಿರಿ; ಬಾದಾಮಿಯ ಮಂಗಗಳಿಗೆ ಸಂಕೋಚವೆಂಬುದಿಲ್ಲ.

ಸುಮಾರು 4 ಕಿಲೋಮೀಟರು ನಡೆದರೆ ಸಿಡಿಲಪಡಿ ಸಿಗುತ್ತದೆ. ದಾರಿ ತಪ್ಪುವಂಥದು, ಬಲ್ಲ ಊರವರೊಬ್ಬರು ಜೊತೆಗಿದ್ದರೆ ಒಳ್ಳೆಯದು. ಸಿಡಿಲಪಡಿಯೆಂದರೆ ಬಯಲಿನ ನಡುವೆ ಕಮಾನಿನಂತೆ ನಿಂತ ಒಂದು ಮಹಾ ಬಂಡೆ. ಕೆಳಗೆಲ್ಲ ಟೊಳ್ಳು, ಮೇಲೆ ಮಾಡು. ಮಾಡಿನಲ್ಲಿ ತೂತುಗಳಿವೆ, ಅವುಗಳಿಂದ ಬಿಸಿಲು ಕೋಲುಕೋಲಾಗಿ ಒಳಗಿಳಿಯುತ್ತದೆ. ಸಿಡಿಲು ಬಡಿದು ಆದ ತೂತುಗಳೆಂದು ಜನ ಹೇಳುತ್ತಾರೆ; ಹೆಸರು ಬಂದದ್ದೂ ಅದರಿಂದಲೇ. ಇತಿಹಾಸಕ್ಕಿಂತ ಹಿಂದಿನ ಮನುಷ್ಯರು ಈ ನೆರಳಲ್ಲಿ ಕುಳಿತು ಗೋಡೆಯ ಮೇಲೆ ಬರೆದ ಚಿತ್ರಗಳ ಮಸುಕು ಗುರುತು ಇಂದಿಗೂ ಇದೆ. ಮುಟ್ಟದೆ ನೋಡಿರಿ. ಅದರ ಮಗ್ಗಲಿಗೆ ತಮ್ಮ ಹೆಸರು ಕೊರೆಯುವವರನ್ನು ಕಂಡರೆ ತಡೆಯಿರಿ.

ನಾವು ಅಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಕಾಕಾ ಮಾತಾಡದೆ ಮಾಡನ್ನು ನೋಡುತ್ತಿದ್ದ. ಕೊನೆಗೆ, “ಇದೆಲ್ಲಾ ನೀರು ಮಾಡಿದ್ದೇನೋ?” ಎಂದು ಕೇಳಿದ.

“ನೀರು, ಗಾಳಿ, ಬಿಸಲು ಎಲ್ಲಾ ಕೂಡಿ ಮಾಡ್ಯಾವು, ಕಾಕಾ. ಮರಳಿನ ಹರಳ ಹಿಡದಿರೂ ಅಂಟು ಸಡಲ ಆಗತೈತಿ, ಹರಳು ಉದರತಾವು.”

“ಎಷ್ಟ ದಿನದಾಗ?”

ಇದಕ್ಕೆ ನಾನು ಕೊಟ್ಟ ಉತ್ತರವನ್ನು ನಿಮ್ಮ ಮುಂದೆಯೂ ಇಡುತ್ತೇನೆ. ಪುಲಕೇಶಿಯ ಶಾಸನಕ್ಕೆ 1400 ವರ್ಷಗಳು ಮೀರಿವೆ. ಕನ್ನಡದ ಹಳೆಯ ತ್ರಿಪದಿಗಳಿರುವ ಕಪ್ಪೆ ಅರಭಟ್ಟನ ಶಾಸನವೂ ಇದೇ ಬಾದಾಮಿಯ ಬಂಡೆಯ ಮೇಲಿದೆ. ಅದು ಸುಮಾರು 700ರ ಕಾಲದ್ದು. ಇಷ್ಟು ಶತಮಾನಗಳ ಮಳೆ ಸುರಿದರೂ ಆ ಅಕ್ಷರಗಳನ್ನು ಇಂದಿಗೂ ಓದಬಹುದು. ಅಂದರೆ ಬೆರಳಿನ ಉಗುರಷ್ಟು ಆಳದ ಗೀರನ್ನು ಅಳಿಸಲು ಕೂಡ ನೀರಿಗೆ ಸಾವಿರ ವರ್ಷ ಸಾಲಲಿಲ್ಲ. ಹಾಗಾದರೆ ಈ ಕೊಳ್ಳಕ್ಕೆ ಎಷ್ಟು ಕಾಲ ಹಿಡಿದಿರಬೇಕು? ನಮ್ಮೂರ ಕೊರಕಲಿಗೋ ಮುತ್ಯಾನ ಹರೆಯದಿಂದ ಇಂದಿನವರೆಗಿನ ಕಾಲ ಸಾಕಾಯಿತು. ನೀರು ಅದೇ, ಮಣ್ಣು ಮಾತ್ರ ಕಲ್ಲಲ್ಲ.

ಕಾಕಾ ತಲೆಯಾಡಿಸಿದ. ಆದರೆ ಅವನ ಮನಸ್ಸಿಗೆ ನಾಟಿದ್ದು ನನ್ನ ಲೆಕ್ಕವಲ್ಲ. ಹಿಂದಿರುಗುವಾಗ ಅವನು ಅಕ್ಕ-ತಂಗಿಯ ಮುಂದೆ ಬಹಳ ಹೊತ್ತು ನಿಂತ. ನೀರು ಬೀಳುವ ಕಡೆ ಬಂಡೆಯ ಬುಡ ಒಳಗೆ ಹೋಗಿತ್ತು. ನೆತ್ತಿ ಮುಂದೆ ಚಾಚಿತ್ತು. ಬೀಳುವ ನೀರು ಬುಡವನ್ನು ತಿನ್ನುತ್ತದೆ, ಬುಡ ಹೋದ ಮೇಲೆ ನೆತ್ತಿ ಮುರಿಯುತ್ತದೆ, ನೀರು ಬೀಳುವ ಜಾಗ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತದೆ. ಕೊಳ್ಳ ಬೆಳೆಯುವುದು ಹೀಗೆ: ಕೆಳಗಿನಿಂದ ಮೇಲಕ್ಕೆ, ತಲೆಯ ಕಡೆಗೆ.

“ತಮ್ಮಾ,” ಎಂದ ಕಾಕಾ, “ನಮ್ಮ ಕೊರಕಲಿನ ತಲೀನೂ ಹಿಂಗ ಇರಬೇಕಲ್ಲೋ?”

“ನೋಡಿಲ್ಲೇನು?” ಎಂದೆ.

“ಅದು ಅವರ ಹೊಲದ ಕಡೆ ಐತಿ. ಹನ್ನೆರಡ ವರ್ಷ ಆತು, ಆ ಕಡೆ ಕಾಲಿಟ್ಟಿಲ್ಲ.”

ಶ್ರೋತೃಗಳೆ, ಒಂದು ಕೊರಕಲಿನ ಜೊತೆಗೆ ಹುಟ್ಟಿ ಬೆಳೆದ ಮನುಷ್ಯ ಅದರ ಬಾಯನ್ನು ಮಾತ್ರ ನೋಡಿದ್ದ. ತಲೆಯನ್ನು ನೋಡಿರಲಿಲ್ಲ. ಮುಳ್ಳು ಒಟ್ಟಿದ್ದೂ ಕಲ್ಲು ಹೇರಿದ್ದೂ ಬಾಯಿಗೇ. ನಮ್ಮಲ್ಲಿ ಹೆಚ್ಚಿನವರು ಮಾಡುವುದೂ ಇದನ್ನೇ.

ನಮ್ಮ ವಿಜಯಪುರ ಸೀಮೆಯ ಎರೆಹೊಲಕ್ಕೆ ಈ ಕೇಡು ಏಕೆ ಹೆಚ್ಚು ಎಂಬುದನ್ನು ಸ್ವಲ್ಪ ವಿಚಾರಿಸೋಣ. ಇಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು ಮಾತ್ರ. ಇಷ್ಟು ಕಡಿಮೆ ಮಳೆಯ ನಾಡಿನಲ್ಲಿ ನೀರಿನಿಂದ ಹೊಲ ಕೊಚ್ಚಿ ಹೋಗುವುದು ವಿಚಿತ್ರವಾಗಿ ತೋರಬಹುದು. ಆದರೆ ಆ ಮಳೆ ಹದವಾಗಿ ಹಂಚಿ ಬೀಳುವುದಿಲ್ಲ. ಕೆಲವೇ ದಿನ ಜೋರಾಗಿ ಹೊಡೆದು ಹೋಗುತ್ತದೆ. ಅದೂ ಹೆಚ್ಚಾಗಿ ಸೆಪ್ಟೆಂಬರಿನಲ್ಲಿ. ಹಿಂಗಾರಿ ಜೋಳದ ಹೊಲ ಆಗ ಇನ್ನೂ ಬಿತ್ತನೆಯಾಗದೆ ಬರಿದಾಗಿ ಬಿದ್ದಿರುತ್ತದೆ. ಮಳೆಯ ಹೊಡೆತ ಬೀಳುವ ಕಾಲಕ್ಕೆ ಮಣ್ಣಿನ ಮೈಮೇಲೆ ಹಸುರಿನ ಹೊದಿಕೆಯಿಲ್ಲ. ಬೇಸಿಗೆಯಲ್ಲಿ ಬಾಯಿಬಿಟ್ಟ ಎರೆಮಣ್ಣು ಮೊದಲ ಮಳೆಯನ್ನು ಗಟಗಟನೆ ಕುಡಿಯುತ್ತದೆ. ಆಮೇಲೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಮುಂದಿನ ನೀರು ಒಳಗಿಳಿಯದೆ ಮೇಲೆಯೇ ಹರಿಯುತ್ತದೆ. ಚಕ್ಕಡಿಯ ಜಾಡು, ದನ ಹೋಗುವ ಕಾಲುದಾರಿ, ಇಳಿಜಾರಿನ ಗುಂಟ ಎಳೆದ ಸಾಲು, ಇಂಥದೊಂದು ಸಿಕ್ಕರೆ ಸಾಕು; ನೀರು ಅಲ್ಲಿ ಕೂಡಿಕೊಳ್ಳುತ್ತದೆ. ಮರುವರ್ಷ ಅದು ಹರಿ, ನಾಲ್ಕು ವರ್ಷಕ್ಕೆ ಕೊರಕಲು.

ಇದನ್ನು ತಡೆಯುವ ವಿದ್ಯೆ ಹೊಸದಲ್ಲ. ಒಣಬೇಸಾಯದ ಸಂಶೋಧನೆ 1930ರ ದಶಕದಲ್ಲಿಯೇ ವಿಜಯಪುರದಲ್ಲಿ ಆರಂಭವಾಯಿತು. 1942ರಲ್ಲಿ ಅಂದಿನ ಮುಂಬಯಿ ಸರಕಾರ ಭೂಸುಧಾರಣೆಯ ಕಾಯದೆ ತಂದಿತು. ಅದರ ಬೆನ್ನಿಗೇ ಬಂದ ಬರಗಾಲದಲ್ಲಿ ನಮ್ಮ ಜಿಲ್ಲೆಯ ಜನ ಕೂಲಿಗಾಗಿ ಹಾಕಿದ ಒಡ್ಡುಗಳು ಎಷ್ಟೋ. 1954ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಮತ್ತು ನೀರಿನ ಸಂರಕ್ಷಣೆಯ ಸಂಶೋಧನಾ ಕೇಂದ್ರ ನೆಲೆಗೊಂಡಿತು. ಇವೆಲ್ಲಕ್ಕೂ ಹಿಂದೆ ನಮ್ಮ ಹಿರಿಯರು ಒಡ್ಡಿನಲ್ಲಿ ಗುಂಡುಗಲ್ಲು ಜೋಡಿಸಿ ಗುಂಡಾವರ್ತಿ ಕಟ್ಟುತ್ತಿದ್ದರು. ಹೆಚ್ಚಾದ ನೀರು ಕಲ್ಲಿನ ಮೇಲೆ ಮೆಲ್ಲಗೆ ಹಾದು ಹೋಗುತ್ತದೆ. ಮಣ್ಣು ಹಿಂದೆ ಉಳಿಯುತ್ತದೆ. ಒಡ್ಡಿಗೆ ಇಂಥ ಬಾಗಿಲು ಇಲ್ಲದಿದ್ದರೆ ನೀರು ತಾನೇ ಬಾಗಿಲು ಒಡೆದುಕೊಳ್ಳುತ್ತದೆ. ಎಲ್ಲದರ ಹುರುಳು ಒಂದೇ: ಬಿದ್ದ ನೀರನ್ನು ಬಿದ್ದಲ್ಲಿಯೇ ಸಾವಕಾಶ ಮಾಡಬೇಕು. ಓಡುವುದಕ್ಕೆ ಕಲಿತ ನೀರನ್ನು ಹೊಳೆಯ ದಂಡೆಯಲ್ಲಿ ನಿಲ್ಲಿಸುತ್ತೇನೆಂದರೆ ಅದು ಕೇಳುವುದಿಲ್ಲ.

ಊರಿಗೆ ಬಂದ ಎರಡನೆಯ ದಿನ ಬೆಳಿಗ್ಗೆ ಕಾಕಾ ಮೇಲಿನ ಹೊಲದವರ ಮನೆಗೆ ಹೋದ. ಬನಶಂಕರಿಯ ಪ್ರಸಾದ ಕೊಡುವ ನೆವ ಇತ್ತು. ಅಲ್ಲಿ ಏನು ಮಾತಾಯಿತೆಂದು ಅವನು ನನಗೆ ಪೂರ್ತಿ ಹೇಳಲಿಲ್ಲ. ಆದರೆ ಅಂದೇ ಸಂಜೆ ಇಬ್ಬರೂ ಕೊರಕಲಿನ ಬಾಯಿಂದ ತಲೆಯವರೆಗೆ ನಡೆದದ್ದನ್ನು ನಾನು ನೋಡಿದೆ. ಹಿಂದೆ ನಾನೂ ಇದ್ದೆ. ತಲೆಯ ಹತ್ತಿರ ಮಣ್ಣಿನ ಗೋಡೆ ನೆಟ್ಟಗೆ ನಿಂತಿತ್ತು. ಬುಡ ಒಳಗೆ ಹೋಗಿತ್ತು, ನೆತ್ತಿ ಮುಂಚಾಚಿತ್ತು. ಗಾತ್ರದಲ್ಲಿ ಆಳೆತ್ತರ, ಆಕಾರದಲ್ಲಿ ಥೇಟು ಅಕ್ಕ-ತಂಗಿ. ಅದರ ನೆತ್ತಿಯಿಂದ ಮೇಲಿನವರ ಒಡ್ಡಿಗೆ ಹತ್ತು ಮಾರು ಕೂಡ ಉಳಿದಿರಲಿಲ್ಲ. ಇನ್ನು ತಿನ್ನುವ ಸರದಿ ಅವರ ಹೊಲದ್ದು. ಇಬ್ಬರೂ ಅದನ್ನು ನೋಡುತ್ತ ನಿಂತರು. ಕಡೆಗೆ ಮೇಲಿನ ಹೊಲದ ಹಿರಿಯರೇ ಬಾಯಿಬಿಟ್ಟರು: “ನಾವಿಬ್ರೂ ಜಗಳಾಡಿದ್ವಿ, ನಡುವ ಇದು ಉಂಡಕೊಂತ ಬಂತು ನೋಡ್ರಿ.”

ಆ ಬೇಸಿಗೆಯಲ್ಲಿ ಇಬ್ಬರೂ ಕೂಡಿ ಕೆಲಸ ಮಾಡಿದರು. ಮೇಲಿನ ಒಡ್ಡಿಗೆ ಕಲ್ಲಿನ ಗುಂಡಾವರ್ತಿಯಾಯಿತು. ಕೊರಕಲಿನ ತಲೆಯ ನೆಟ್ಟನೆಯ ಗೋಡೆಯನ್ನು ಇಳಿಜಾರು ಮಾಡಿ ಕಲ್ಲು ಹಾಸಿದರು. ಅಂಚಿಗೆ ಹುಲ್ಲು ಹಚ್ಚಿದರು. ಒಳಗೆ ಅಲ್ಲಲ್ಲಿ ಮೊಣಕಾಲೆತ್ತರದ ಕಲ್ಲಿನ ತಡೆಗಳನ್ನು ಇಟ್ಟರು. ಬಿತ್ತನೆಯ ಸಾಲು ಇಳಿಜಾರಿಗೆ ಅಡ್ಡವಾಯಿತು. ಎರಡು ಮಳೆಗಾಲ ಕಳೆದಿವೆ. ತಲೆ ನಿಂತಲ್ಲಿಯೇ ನಿಂತಿದೆ. ತಡೆಗಳ ಹಿಂದೆ ಗೇಣುದ್ದ ಮಣ್ಣು ಕುಳಿತಿದೆ. ಬಾಯಿಯ ಕಡೆ ಮಾತ್ರ ಹೊಳೆ ಇನ್ನೂ ದಂಡೆಯನ್ನು ಕೆಡವುತ್ತಲೇ ಇದೆ. ಅದು ಇಬ್ಬರು ರೈತರ ಕೈಗೆ ಮೀರಿದ ಕೆಲಸ. ಕಾಗದದ ಏಳೆಕರೆ ಮತ್ತೆ ಏಳೆಕರೆಯಾಗಲಿಲ್ಲ. ಆದರೆ ಉಳಿದ ಹೊಲ ಉಳಿದಿದೆ; ಎರಡು ಮನೆಗಳ ನಡುವೆ ರೊಟ್ಟಿ-ಪಲ್ಯ ಓಡಾಡುತ್ತಿದೆ.

ಬಾದಾಮಿಗೆ ಹೋದಾಗ, ಕೇಳುಗರೆ, ಗುಹೆಗಳನ್ನು ನೋಡಿ ಹಿಂದಿರುಗಬೇಡಿರಿ. ಕೆರೆಯ ದಂಡೆಯಿಂದ ಎದ್ದು ಕೊಳ್ಳವನ್ನು ಅದರ ತಲೆಯ ಕಡೆಗೆ ನಡೆಯಿರಿ. ಮಕ್ಕಳನ್ನೂ ಕರೆದುಕೊಂಡು ಹೋಗಿರಿ. ನೀರು ಕೆಲಸ ಮಾಡುವ ರೀತಿಯನ್ನು ಅಷ್ಟು ದೊಡ್ಡ ಅಕ್ಷರಗಳಲ್ಲಿ ಬರೆದಿಟ್ಟ ಪುಸ್ತಕ ಬೇರೊಂದಿಲ್ಲ. ಊರಿಗೆ ಬಂದ ಮೇಲೆ, ಹೊಲವಿದ್ದವರು ತಮ್ಮ ಹೊಲದ ಅಂಚನ್ನೂ ಹಾಗೆಯೇ ನಡೆದು ನೋಡಿರಿ. ಒಂದೇ ಜಿಗಿತಕ್ಕೆ ದಾಟುವಷ್ಟು ಸಣ್ಣ ಹರಿ ಕಂಡರೆ, ದಾಟಿ ಮುಂದೆ ಹೋಗಬೇಡಿರಿ. ಅಲ್ಲಿಯೇ ನಿಂತು, ಮೇಲಿನ ಹೊಲದವರನ್ನು ಕೂಗಿ ಕರೆಯಿರಿ.